ಅಂದಾಜಿನ ವಿದ್ಯೆ

ಒಲೆಯ ಮೇಲೆ ಅನ್ನಕ್ಕಿಡುವ ತಾಯಿ ಅಳತೆಯ ಪಾತ್ರೆಯನ್ನು ಹುಡುಕುತ್ತ ಕೂರುವುದಿಲ್ಲ. ತೊಳೆದ ಅಕ್ಕಿಯ ಮೇಲೆ ಬೆರಳನ್ನೂರಿ, ನೀರು ಮೊದಲನೆಯ ಗೆಣ್ಣನ್ನು ಮುಟ್ಟಿತೆ ಎಂದು ನೋಡುತ್ತಾಳೆ, ಅಷ್ಟೆ. ಅನ್ನ ಹದವಾಗಿಯೇ ಬೇಯುತ್ತದೆ. ಕಣದಲ್ಲಿ ನಿಂತ ರೈತ ರಾಶಿಯನ್ನು ಒಂದು ಸುತ್ತು ಬಂದು, "ಐವತ್ತು ಚೀಲ ಆದೀತು, ತಪ್ಪಿದರೆ ಎರಡು ಚೀಲ ಆಚೆ ಈಚೆ" ಎನ್ನುತ್ತಾನೆ. ತುಂಬಿ ಎಣಿಸಿದಾಗ ನಲವತ್ತೊಂಬತ್ತು ಚೀಲವಾಗುತ್ತದೆ. ಇವರಿಬ್ಬರೂ ಮಾಡಿದ್ದು ಊಹೆಯಲ್ಲ, ಅಂದಾಜು.

ಊಹೆಗೂ ಅಂದಾಜಿಗೂ ಇರುವ ಅಂತರ ಸಣ್ಣದಲ್ಲ. ಊಹೆಗೆ ಆಧಾರ ಬೇಕಿಲ್ಲ. ಬಾಯಿಗೆ ಬಂದ ಸಂಖ್ಯೆಯನ್ನು ಹೇಳಿದರಾಯಿತು. ಅಂದಾಜಿಗಾದರೋ ಹಿಂದಿನ ಅನುಭವ ಬೇಕು, ಸರಳವಾದ ಒಂದು ಲೆಕ್ಕ ಬೇಕು, ಎಲ್ಲಕ್ಕಿಂತ ಮಿಗಿಲಾಗಿ ಅದು ಎಷ್ಟರ ಮಟ್ಟಿಗೆ ತಪ್ಪಾಗಬಹುದೆಂಬ ಅರಿವು ಬೇಕು. ಮೇಲಿನ ರೈತನ ಮಾತಿನಲ್ಲಿ "ಐವತ್ತು ಚೀಲ" ಎಂಬುದು ಅರ್ಧ ಮಾತ್ರ. "ತಪ್ಪಿದರೆ ಎರಡು" ಎಂಬುದು ಉಳಿದರ್ಧ. ಗೋಣಿಚೀಲಗಳನ್ನು ಎಷ್ಟು ತರಿಸಬೇಕೆಂದು ಅವನಿಗೆ ತಿಳಿಸುವುದು ಈ ಎರಡನೆಯ ಅರ್ಧವೇ.

ಅಂದಾಜಿನ ವಿದ್ಯೆಯನ್ನು ಶ್ರದ್ಧೆಯಿಂದ ರೂಢಿಸಿಕೊಂಡವರನ್ನು ನೋಡಬೇಕಾದರೆ ಮೂರು ಬಗೆಯ ಹವ್ಯಾಸಿಗಳ ಬಳಿಗೆ ಹೋಗಬೇಕು: ದೋಣಿ ನಡೆಸುವವರು, ರೇಡಿಯೋ ಕಟ್ಟುವವರು, ಗಡಿಯಾರಗಳನ್ನು ಸೆಕೆಂಡಿನ ಮಟ್ಟಕ್ಕೆ ತಿದ್ದುವವರು. ಮೇಲುನೋಟಕ್ಕೆ ಇವು ಒಂದಕ್ಕೊಂದು ಸಂಬಂಧವಿಲ್ಲದ ಹವ್ಯಾಸಗಳು. ಆದರೆ ಕಡಲಿನ ನಡುವೆ ತಾನಿರುವ ಜಾಗವನ್ನು ತಿಳಿಯಬೇಕಾದ ನಾವಿಕನಿಗೆ ಈ ಮೂರೂ ಬೇಕಾಗಿದ್ದವು. ಆ ನಂಟು ಮುಂದೆ ತಾನಾಗಿಯೇ ಕಾಣುತ್ತದೆ.

ದೋಣಿಯಿಂದಲೇ ಆರಂಭಿಸೋಣ. ನಮ್ಮ ಕರಾವಳಿಯಲ್ಲಿ ನೀರಿನ ಆಳವನ್ನು ಮಾರುಗಳಲ್ಲಿ ಹೇಳುವ ರೂಢಿಯಿದೆ. ಎರಡೂ ತೋಳುಗಳನ್ನು ಚಾಚಿದಾಗ ಒಂದು ಬೆರಳ ತುದಿಯಿಂದ ಇನ್ನೊಂದು ಬೆರಳ ತುದಿಯವರೆಗಿನ ಉದ್ದವೇ ಮಾರು. ತುದಿಗೆ ತೂಕ ಕಟ್ಟಿದ ಹಗ್ಗವನ್ನು ನೀರಿಗಿಳಿಸಿ, ತಳ ಮುಟ್ಟಿದ ಮೇಲೆ ಮೇಲಕ್ಕೆಳೆಯುತ್ತ ಮಾರು ಮಾರಾಗಿ ಎಣಿಸಿದರೆ ಆಳ ತಿಳಿಯಿತು. ಇಂಗ್ಲಿಷ್ ನಾವಿಕರ ಫ್ಯಾದಮ್ ಎಂಬ ಅಳತೆಯೂ ಚಾಚಿದ ತೋಳುಗಳಿಂದಲೇ ಹುಟ್ಟಿದ್ದು. ಅದು ಆರು ಅಡಿ. ಎತ್ತರದ ಮನುಷ್ಯನ ಮಾರಿಗೂ ಕುಳ್ಳನ ಮಾರಿಗೂ ವ್ಯತ್ಯಾಸವಿಲ್ಲವೆ ಎಂದು ನೀವು ಕೇಳಬಹುದು. ಇದ್ದೇ ಇದೆ. ಆದರೆ ಹತ್ತು ಮಾರು ಆಳದಲ್ಲಿ ಒಂದು ಮಾರು ತಪ್ಪಿದರೆ ದೋಣಿಗೆ ಯಾವ ಹಾನಿಯೂ ಇಲ್ಲ. ಒಂದು ಮಾರಿನ ಆಳದಲ್ಲಿ ಅರ್ಧ ಮಾರು ತಪ್ಪಿದರೆ ದೋಣಿಯ ತಳ ಮರಳಿಗೆ ತಾಗುತ್ತದೆ. ಅಲ್ಲಿ ಅನುಭವಿಗಳು ಹಗ್ಗವನ್ನು ಬಿಟ್ಟು ಗಳುವನ್ನು ಹಿಡಿಯುತ್ತಾರೆ.

ದೋಣಿಯ ವೇಗವನ್ನು ತಿಳಿಯಲು ಇನ್ನೂ ಸುಲಭವಾದ ಉಪಾಯವೊಂದಿದೆ. ಮುಂತುದಿಯಲ್ಲಿ ನಿಂತವನು ಮರದ ಚೂರೊಂದನ್ನು ನೀರಿಗೆ ಹಾಕುತ್ತಾನೆ. ಅದು ಹಿಂತುದಿಯನ್ನು ದಾಟುವವರೆಗಿನ ಸೆಕೆಂಡುಗಳನ್ನು ಇನ್ನೊಬ್ಬನು ಎಣಿಸುತ್ತಾನೆ. ದೋಣಿಯ ಉದ್ದ 6 ಮೀಟರ್, ಕಾಲ 4 ಸೆಕೆಂಡು ಎಂದಾದರೆ ವೇಗ ಸೆಕೆಂಡಿಗೆ ಒಂದೂವರೆ ಮೀಟರ್. ನಾವಿಕರು ವೇಗವನ್ನು ನಾಟ್‌ಗಳಲ್ಲಿ ಹೇಳುತ್ತಾರೆ. ಗಂಟೆಗೆ 1852 ಮೀಟರುಗಳ, ಎಂದರೆ ಒಂದು ನಾವಿಕ ಮೈಲಿಯ ವೇಗವೇ ಒಂದು ನಾಟ್. ಸೆಕೆಂಡಿನ ಮೀಟರುಗಳನ್ನು ಇಮ್ಮಡಿ ಮಾಡಿದರೆ ಹೆಚ್ಚುಕಡಿಮೆ ನಾಟ್‌ಗಳು ದೊರೆಯುತ್ತವೆ. ಆದ್ದರಿಂದ ನಮ್ಮ ದೋಣಿಯ ವೇಗ 3 ನಾಟ್. ನಾಟ್ ಎಂದರೆ ಗಂಟು. ಹಿಂದೆ ಹಡಗಿನವರು ಗಂಟು ಹಾಕಿದ ಹಗ್ಗವನ್ನು ಹಿಂದಕ್ಕೆ ಹರಿಯಬಿಟ್ಟು, 28 ಸೆಕೆಂಡುಗಳ ಮರಳುಗಡಿಯಾರ ಖಾಲಿಯಾಗುವಷ್ಟರಲ್ಲಿ ಎಷ್ಟು ಗಂಟುಗಳು ಕೈಜಾರಿದುವೆಂದು ಎಣಿಸುತ್ತಿದ್ದರು. ಗಂಟಿನಿಂದ ಗಂಟಿಗೆ ಸುಮಾರು ಹದಿನಾಲ್ಕೂವರೆ ಮೀಟರ್ ದೂರವಿರುತ್ತಿತ್ತು. ಭಾಗಾಕಾರ ಮಾಡಿ ನೋಡಿರಿ. ಆ ದೂರವನ್ನು ಸುಮ್ಮನೆ ಆರಿಸಿಕೊಂಡದ್ದಲ್ಲವೆಂದು ತಿಳಿಯುತ್ತದೆ.

ಈಗ ಉಳಿದರ್ಧವನ್ನು ನೋಡೋಣ. ಕಾಲವನ್ನು ಎಣಿಸಿದವನು ಅರ್ಧ ಸೆಕೆಂಡು ತಪ್ಪಿರಬಹುದು. ಕಾಲ ಮೂರೂವರೆ ಸೆಕೆಂಡಾಗಿದ್ದರೆ ವೇಗ ಸುಮಾರು 3.3 ನಾಟ್, ನಾಲ್ಕೂವರೆಯಾಗಿದ್ದರೆ 2.6 ನಾಟ್. ಹೀಗಾಗಿ ಎರಡು ಗಂಟೆಗಳ ಪಯಣದ ನಂತರ ದೋಣಿಗನು "ಆರು ಮೈಲಿ ಬಂದಿದ್ದೇನೆ" ಎನ್ನದೆ, "ಐದಕ್ಕಿಂತ ಕಡಿಮೆಯಿಲ್ಲ, ಏಳಕ್ಕಿಂತ ಹೆಚ್ಚಿಲ್ಲ" ಎಂದರೆ ಅದು ಪ್ರಾಮಾಣಿಕವಾದ ಮಾತು. ಹತ್ತು ಸಲ ಚೂರು ಹಾಕಿ ಸರಾಸರಿ ತೆಗೆದರೆ ಈ ಅಂಚು ಕಿರಿದಾಗುತ್ತದೆ. ಆದರೆ ಎಷ್ಟು ಸಲ ಹಾಕಿದರೂ ಹೋಗದ ತಪ್ಪೊಂದಿದೆ. ಕಡಲಿನ ಒಳಹರಿವು ದೋಣಿಯನ್ನೂ ಮರದ ಚೂರನ್ನೂ ಜೊತೆಜೊತೆಯಾಗಿಯೇ ಒಯ್ಯುತ್ತಿರುತ್ತದೆ. ಆ ಚೂರು ಹೇಳುವುದು ನೀರಿನ ಮೇಲಿನ ವೇಗವನ್ನೇ ಹೊರತು ನೆಲದ ಮೇಲಿನ ವೇಗವನ್ನಲ್ಲ. ಕೆಲವು ತಪ್ಪುಗಳು ಪುನರಾವರ್ತನೆಯಿಂದ ಕರಗುತ್ತವೆ, ಕೆಲವು ಕರಗುವುದಿಲ್ಲ. ಈ ಭೇದವನ್ನು ಚೆನ್ನಾಗಿ ನೆನಪಿನಲ್ಲಿಡಿರಿ.

ದಿಕ್ಕಿನ ವಿಷಯದಲ್ಲಿ ದೋಣಿಗರು ಬಳಸುವ ಸೂತ್ರವನ್ನು ಅರವತ್ತಕ್ಕೊಂದು ಎನ್ನಬಹುದು. ಹಿಡಿಯಬೇಕಾದ ದಿಕ್ಕಿನಿಂದ ಒಂದು ಡಿಗ್ರಿ ಓರೆಯಾಗಿ ಹೊರಟರೆ, ಅರವತ್ತು ಮೈಲಿ ಸಾಗುವಷ್ಟರಲ್ಲಿ ಒಂದು ಮೈಲಿ ಪಕ್ಕಕ್ಕೆ ಸರಿದಿರುತ್ತೇವೆ. ಆರು ಮೈಲಿ ದೂರದ ದ್ವೀಪಕ್ಕೆ ಹೋಗುವವನಿಗೆ ಐದು ಡಿಗ್ರಿ ತಪ್ಪಿದರೂ ಅರ್ಧ ಮೈಲಿಯಷ್ಟೇ ವ್ಯತ್ಯಾಸ. ದ್ವೀಪ ಕಣ್ಣಿಗೆ ಕಾಣುತ್ತಲೇ ಇರುತ್ತದೆ. ಏಳುನೂರು ಮೈಲಿ ಹೋಗಬೇಕಾದವನಿಗೆ ಒಂದೇ ಡಿಗ್ರಿ ತಪ್ಪಿದರೆ ಹನ್ನೆರಡು ಮೈಲಿಯ ವ್ಯತ್ಯಾಸ.

ಅಳಿವೆಯಲ್ಲಿ ಉಬ್ಬರವನ್ನು ಕಾಯುವವರ ಲೆಕ್ಕವೂ ಸೊಗಸಾಗಿದೆ. ಇಳಿತದಿಂದ ಉಬ್ಬರಕ್ಕೆ ಸುಮಾರು ಆರು ಗಂಟೆ. ನೀರು ಆರೂ ಗಂಟೆ ಒಂದೇ ಸಮನೆ ಏರುವುದಿಲ್ಲ. ಒಟ್ಟು ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ, ಗಂಟೆಗಂಟೆಗೆ ಏರುವುದು ಕ್ರಮವಾಗಿ ಒಂದು, ಎರಡು, ಮೂರು, ಮೂರು, ಎರಡು, ಒಂದು ಪಾಲು. ಏರಿಕೆ 120 ಸೆಂಟಿಮೀಟರ್ ಎಂದುಕೊಳ್ಳಿರಿ. ಒಂದು ಪಾಲು 10 ಸೆಂಟಿಮೀಟರ್. ಮರಳದಿಬ್ಬದ ಮೇಲೆ ಈಗ 50 ಸೆಂಟಿಮೀಟರ್ ನೀರಿದೆ, ದೋಣಿ ದಾಟಲು 90 ಬೇಕು. ಎರಡು ಗಂಟೆಯ ಹೊತ್ತಿಗೆ 80 ಆಗುತ್ತದೆ. ಮೂರನೆಯ ಗಂಟೆಯ ಮೊದಲ ಇಪ್ಪತ್ತು ನಿಮಿಷದಲ್ಲಿ ಉಳಿದ 10 ಸೇರುತ್ತದೆ. ಲೆಕ್ಕ ಹೇಳುವುದು ಎರಡು ಗಂಟೆ ಇಪ್ಪತ್ತು ನಿಮಿಷ. ಆದರೆ ಗಾಳಿ ನೀರನ್ನು ಹಿಂದಕ್ಕೆ ತಳ್ಳಬಹುದು, ಮಳೆಗಾಲದ ಹೊಳೆ ಲೆಕ್ಕವನ್ನೇ ಕೆಡಿಸಬಹುದು. ನಮ್ಮ ಕರಾವಳಿಯಲ್ಲಿ ದಿನದ ಎರಡು ಉಬ್ಬರಗಳೂ ಸಮನಾಗಿರುವುದಿಲ್ಲ. ಅನುಭವಿಯಾದ ತಾಂಡೇಲನು ಮೂರು ಗಂಟೆ ಕಾಯುತ್ತಾನೆ. ಆ ನಲವತ್ತು ನಿಮಿಷವನ್ನು ಅವನು ಸೋಮಾರಿತನದಿಂದ ಕಳೆಯುವುದಲ್ಲ.

ಇನ್ನು ರೇಡಿಯೋ. ಸರ್ಕಾರದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಪರವಾನಗಿ ಪಡೆದು, ಸ್ವಂತ ಪ್ರೇಷಕದಿಂದ ದೂರದೂರದವರೊಡನೆ ಮಾತನಾಡುವ ಹವ್ಯಾಸಿಗಳಿಗೆ ಹ್ಯಾಮ್‌ಗಳೆಂದು ಹೆಸರು. ಹ್ಯಾಮ್ ಆದವನು ಮೊದಲು ಕಲಿಯುವ ಅಂದಾಜು ಏರಿಯಲ್ಲಿನ ಉದ್ದ. ರೇಡಿಯೋ ಅಲೆ ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಚಲಿಸುತ್ತದೆ. ಆದುದರಿಂದ 300ನ್ನು ಮೆಗಾಹರ್ಟ್ಸ್‌ಗಳಲ್ಲಿ ಹೇಳಿದ ಆವೃತ್ತಿಯಿಂದ ಭಾಗಿಸಿದರೆ ಅಲೆಯ ಉದ್ದ ಮೀಟರುಗಳಲ್ಲಿ ಸಿಗುತ್ತದೆ. ಅದರಲ್ಲಿ ಅರ್ಧದಷ್ಟು ಉದ್ದದ ತಂತಿ ಆ ಅಲೆಗೆ ಚೆನ್ನಾಗಿ ಮಿಡಿಯುತ್ತದೆ. 7.1 ಮೆಗಾಹರ್ಟ್ಸ್‌ಗೆ ಈ ಅರ್ಧ ಸುಮಾರು 21 ಮೀಟರ್. ಆದರೆ ತಂತಿಯ ತುದಿಗಳ ಪ್ರಭಾವದಿಂದಾಗಿ ವಾಸ್ತವದಲ್ಲಿ ಬೇಕಾಗುವುದು ನೂರಕ್ಕೆ ಐದರಷ್ಟು ಕಡಿಮೆ, ಎಂದರೆ ಸುಮಾರು 20 ಮೀಟರ್. ಅದಕ್ಕಾಗಿಯೇ ಹವ್ಯಾಸಿಗಳು 150ರ ಬದಲು 143ನ್ನು ಆವೃತ್ತಿಯಿಂದ ಭಾಗಿಸುತ್ತಾರೆ.

ನಾನು ಮೊದಲ ಸಲ ಏರಿಯಲ್ ಕಟ್ಟಿದಾಗ ಈ ಲೆಕ್ಕವನ್ನು ಮೂರು ದಶಮಾಂಶ ಸ್ಥಾನಗಳವರೆಗೆ ಮಾಡಿ, ಮಿಲಿಮೀಟರಿನ ನಿಖರತೆಯಿಂದ ತಂತಿಯನ್ನು ಕತ್ತರಿಸಿದೆ. ಕಟ್ಟಿದ ಮೇಲೆ ನೋಡಿದರೆ ಅದು ಬೇಕಾದುದಕ್ಕಿಂತ ಹೆಚ್ಚಿನ ಆವೃತ್ತಿಗೆ ಮಿಡಿಯುತ್ತಿತ್ತು. ನೆಲದಿಂದ ಎಷ್ಟು ಎತ್ತರ, ಹತ್ತಿರ ಯಾವ ಮರ, ಎಲ್ಲಿ ತಗಡಿನ ಛಾವಣಿ ಎಂಬುದೆಲ್ಲ ಲೆಕ್ಕದಲ್ಲಿ ಸೇರಿರಲಿಲ್ಲ. ನೆರೆಯ ಹಿರಿಯ ಹ್ಯಾಮ್ ಒಬ್ಬರು ಬಂದು ನೋಡಿ, "ತಮ್ಮಾ, ತಂತಿಯನ್ನು ಕತ್ತರಿಸಬಹುದು, ಎಳೆದು ಉದ್ದಮಾಡಲು ಬರುವುದಿಲ್ಲ. ತುದಿಗೆ ಎರಡೆರಡು ಗೇಣು ಬಿಟ್ಟುಕೊಂಡಿರಬೇಕಿತ್ತು" ಎಂದು ನಕ್ಕರು. ತುಂಡುಗಳನ್ನು ಬೆಸೆದು ಮತ್ತೆ ಏರಿಸುವುದರೊಳಗೆ ಒಂದು ಭಾನುವಾರ ಕಳೆಯಿತು. ಅವರ ಮಾತಿನ ಹಿಂದೆ ಒಂದು ಲೆಕ್ಕವಿತ್ತು. 20 ಮೀಟರ್ ತಂತಿಯಲ್ಲಿ 20 ಸೆಂಟಿಮೀಟರ್ ನೂರಕ್ಕೆ ಒಂದು ಭಾಗ. ಉದ್ದ ನೂರಕ್ಕೊಂದು ಕಡಿಮೆಯಾದರೆ ಆವೃತ್ತಿ ನೂರಕ್ಕೊಂದು ಹೆಚ್ಚುತ್ತದೆ. ಹೆಚ್ಚು ಉದ್ದವಿರುವ ಕಡೆಗೇ ತಪ್ಪು ಮಾಡಬೇಕು. ಏಕೆಂದರೆ ಆ ತಪ್ಪನ್ನು ಇಕ್ಕಳದಿಂದ ತಿದ್ದಬಹುದು.

ದೋಣಿಗನಿಗೂ ರೇಡಿಯೋ ಹವ್ಯಾಸಿಗೂ ಸಮಾನವಾದ ಅಂದಾಜೊಂದಿದೆ. ಭೂಮಿ ದುಂಡಗಿರುವುದರಿಂದ ಕಡಲ ದಿಗಂತ ತೀರ ದೂರವಿಲ್ಲ. ನೀರಿನಿಂದ ಕಣ್ಣಿನ ಎತ್ತರವನ್ನು ಮೀಟರುಗಳಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 3.6ರಿಂದ ಗುಣಿಸಿದರೆ ದಿಗಂತದ ದೂರ ಕಿಲೋಮೀಟರುಗಳಲ್ಲಿ ಸಿಗುತ್ತದೆ. ಮರಳಿನ ಅಂಚಿನಲ್ಲಿ ನಿಂತ ಹುಡುಗನ ಕಣ್ಣು ಒಂದೂವರೆ ಮೀಟರ್ ಎತ್ತರದಲ್ಲಿದ್ದರೆ ಅವನ ದಿಗಂತ ನಾಲ್ಕೂವರೆ ಕಿಲೋಮೀಟರನ್ನು ಮೀರದು. 36 ಮೀಟರ್ ಎತ್ತರದ ದೀಪಸ್ತಂಭವನ್ನೇರಿದರೆ ಅದು 21 ಕಿಲೋಮೀಟರ್ ಆಚೆಗೆ ಸರಿಯುತ್ತದೆ. ದೋಣಿಗಳು ಬಂದರಿನೊಡನೆ ಮಾತನಾಡುವ ಅತ್ಯುಚ್ಚ ಆವೃತ್ತಿಯ ಅಲೆಗಳೂ ಬಹುಮಟ್ಟಿಗೆ ನೇರವಾಗಿಯೇ ಹೋಗುತ್ತವೆ. ವಾಯುಮಂಡಲ ಅವನ್ನು ತುಸು ಬಾಗಿಸುವುದರಿಂದ 3.6ರ ಬದಲು 4.1ನ್ನು ಹಿಡಿಯಬೇಕು. ಬಂದರಿನ ಏರಿಯಲ್ 25 ಮೀಟರ್ ಎತ್ತರದಲ್ಲಿದೆ, ದೋಣಿಯದು 4 ಮೀಟರ್ ಎತ್ತರದಲ್ಲಿದೆ ಎಂದಿಟ್ಟುಕೊಳ್ಳೋಣ. ಒಂದರ ದಿಗಂತ ಇಪ್ಪತ್ತೂವರೆ ಕಿಲೋಮೀಟರ್, ಇನ್ನೊಂದರದು ಎಂಟು ಚಿಲ್ಲರೆ. ಎರಡನ್ನೂ ಕೂಡಿಸಿದರೆ ಮೂವತ್ತಕ್ಕೆ ತುಸು ಕಡಿಮೆ. ಐವತ್ತು ಕಿಲೋಮೀಟರ್ ಒಳಗೆ ಹೋದ ದೋಣಿಯವನು ಪ್ರೇಷಕದ ಶಕ್ತಿಯನ್ನು ಇಮ್ಮಡಿ ಮಾಡಿಕೊಂಡರೂ ಅವನ ಕರೆ ದಡಕ್ಕೆ ಮುಟ್ಟುವ ಭರವಸೆಯಿಲ್ಲ. ಏರಿಯಲ್ಲನ್ನು ಎತ್ತರಿಸಿದರೆ ಅಷ್ಟಿಷ್ಟು ಪ್ರಯೋಜನವುಂಟು. ಈ ಸಣ್ಣ ಗುಣಾಕಾರವನ್ನು ಹೊರಡುವ ಮುನ್ನ ಮಾಡಿಕೊಂಡವನು, ಸಹಾಯ ಕೇಳಿದರೆ ಎಲ್ಲಿಯವರೆಗೆ ಕೇಳಿಸೀತೆಂಬುದನ್ನು ಬಲ್ಲ.

ಗಡಿಯಾರದ ಹವ್ಯಾಸಿಗಳು ಇವರಿಗಿಂತ ಸೂಕ್ಷ್ಮಮತಿಗಳು. ಬೆಂಗಳೂರಿನಲ್ಲಿ 1961ರಿಂದ ತಯಾರಾಗುತ್ತಿದ್ದ ಎಚ್‌ಎಂಟಿ ಕೈಗಡಿಯಾರಗಳನ್ನು ನಿಮ್ಮ ಅಜ್ಜಂದಿರ ಮಣಿಕಟ್ಟಿನಲ್ಲಿ ಕಂಡಿರಬಹುದು. ಕೀಲಿ ಕೊಡುವ ಇಂಥ ಗಡಿಯಾರಗಳಲ್ಲಿ ಅನೇಕವು ಸೆಕೆಂಡಿಗೆ 5 ಸಲ, ದಿನಕ್ಕೆ 4,32,000 ಸಲ ಮಿಡಿಯುತ್ತವೆ. ದಿನಕ್ಕೆ 20 ಸೆಕೆಂಡು ಮುಂದೋಡಿದರೆ ಗಡಿಯಾರ ಕೆಟ್ಟಿದೆಯೆನ್ನುತ್ತೇವೆ. ಆದರೆ 86,400ರಲ್ಲಿ 20 ಎಂದರೆ 4,320ರಲ್ಲಿ ಒಂದು. 43 ಮೀಟರ್ ಉದ್ದದ ಗೋಡೆಯನ್ನು ಅಳೆದು ಒಂದು ಸೆಂಟಿಮೀಟರ್ ತಪ್ಪಿದ ಮೇಸ್ತ್ರಿಯನ್ನು ನಾವು ಹೊಗಳುತ್ತೇವೆ. ಅಷ್ಟೇ ತಪ್ಪಿದ ಗಡಿಯಾರವನ್ನು ಬೈಯುತ್ತೇವೆ!

ಲೋಲಕದ ಗಡಿಯಾರವನ್ನು ತಿದ್ದುವ ಅಂದಾಜು ಹೀಗಿದೆ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯಾಗಿ ಒಂದು ಸೆಕೆಂಡಿನಲ್ಲಿ ತೂಗುವ ಲೋಲಕದ ಉದ್ದ ಸುಮಾರು 99.4 ಸೆಂಟಿಮೀಟರ್. ಅದನ್ನು ಒಂದೇ ಒಂದು ಮಿಲಿಮೀಟರ್ ಗಿಡ್ಡ ಮಾಡಿದರೆ ಗಡಿಯಾರ ದಿನಕ್ಕೆ ಸುಮಾರು 43 ಸೆಕೆಂಡು ಮುಂದೋಡುತ್ತದೆ. ಉಕ್ಕಿನ ಸರಳಾಗಿದ್ದರೆ ಬೇಸಗೆಯಲ್ಲಿ ಅದು ಹಿಗ್ಗಿ, 10 ಡಿಗ್ರಿ ಸೆಲ್ಸಿಯಸ್ ಏರಿಕೆಗೆ ದಿನಕ್ಕೆ 5 ಸೆಕೆಂಡು ಹಿಂದೆ ಬೀಳುತ್ತದೆ. ಲಂಡನ್ನಿನ ಪ್ರಸಿದ್ಧ ಬಿಗ್ ಬೆನ್ ಗೋಪುರದ ಗಡಿಯಾರವನ್ನು ತಿದ್ದಲು ಅದರ ಲೋಲಕದ ಮೇಲೆ ಹಳೆಯ ಪೆನ್ನಿ ನಾಣ್ಯಗಳನ್ನು ಇಡುತ್ತಾರೆ. ಒಂದು ನಾಣ್ಯವಿಟ್ಟರೆ ಗಡಿಯಾರ ದಿನಕ್ಕೆ ಸೆಕೆಂಡಿನ ಐದನೆಯ ಎರಡು ಭಾಗದಷ್ಟು ಚುರುಕಾಗುತ್ತದೆ. ಅಷ್ಟು ದೊಡ್ಡ ಯಂತ್ರಕ್ಕೆ ಅಷ್ಟು ಸಣ್ಣ ಮದ್ದು!

ತಿದ್ದುವುದಕ್ಕೆ ಮೊದಲು ತಪ್ಪನ್ನು ಅಳೆಯಬೇಕು. ಆಕಾಶವಾಣಿಯ ವಾರ್ತೆಗೆ ಮುನ್ನ ಕೇಳಿಸುತ್ತಿದ್ದ ಸಮಯಸೂಚಕ ಧ್ವನಿಗೆ ಹಿರಿಯರು ಗಡಿಯಾರವನ್ನು ಹೊಂದಿಸಿಕೊಳ್ಳುತ್ತಿದ್ದರು. ದೆಹಲಿಯಿಂದ ಬೆಂಗಳೂರಿಗೆ ರೇಡಿಯೋ ಅಲೆ ಬರಲು ಸುಮಾರು ನೂರ ಎಪ್ಪತ್ತನೆಯ ಒಂದು ಸೆಕೆಂಡು ಹಿಡಿಯುತ್ತದೆ. ಧ್ವನಿಯನ್ನು ಕೇಳಿ ನಮ್ಮ ಬೆರಳು ಗುಂಡಿಯನ್ನೊತ್ತಲು ಹಿಡಿಯುವ ಕಾಲ ಐದನೆಯ ಒಂದು ಸೆಕೆಂಡು. ಬೆರಳಿನ ವಿಳಂಬ ಅಲೆಯ ವಿಳಂಬಕ್ಕಿಂತ ಮೂವತ್ತು ಪಟ್ಟಿಗೂ ಹೆಚ್ಚು. ಬೆರಳನ್ನು ಮರೆತು ಅಲೆಯ ಬಗೆಗೆ ಚಿಂತಿಸುವುದು ವ್ಯರ್ಥ. ಇಂದು ಅಂತರಜಾಲದ ಮೂಲಕ ಕೇಳುವ ರೇಡಿಯೋ ಹಲವು ಸೆಕೆಂಡು ಹಿಂದುಳಿಯುವುದುಂಟು. ಅದನ್ನು ನಂಬಿ ಗಡಿಯಾರ ತಿದ್ದಿದರೆ ಈ ಎರಡು ವಿಳಂಬಗಳೂ ಲೆಕ್ಕಕ್ಕೇ ಬಾರವು.

ಹವ್ಯಾಸಿಗಳು ಪ್ರತಿದಿನ ಒಂದೇ ಹೊತ್ತಿಗೆ ಗಡಿಯಾರವನ್ನು ಪರೀಕ್ಷಿಸಿ, ವ್ಯತ್ಯಾಸವನ್ನು ಪುಸ್ತಕದಲ್ಲಿ ಬರೆದಿಡುತ್ತಾರೆ. ಒಂದು ಗಡಿಯಾರ ದಿನವೂ 4 ಸೆಕೆಂಡು ತಪ್ಪದೆ ಮುಂದೋಡುತ್ತದೆ. ಇನ್ನೊಂದು ಇಂದು 1 ಸೆಕೆಂಡು ಮುಂದು, ನಾಳೆ 2 ಸೆಕೆಂಡು ಹಿಂದು, ನಾಡಿದ್ದು ಸರಿ. ಯಾವುದು ಒಳ್ಳೆಯದು? ಎರಡನೆಯದೆಂದು ನಿಮಗೆ ತೋರಬಹುದು. ಬಲ್ಲವರು ಮೊದಲನೆಯದನ್ನು ಆರಿಸುತ್ತಾರೆ. ಮೂವತ್ತು ದಿನಗಳ ನಂತರ ಅದು 120 ಸೆಕೆಂಡು ಮುಂದಿರುತ್ತದೆ; ಅಷ್ಟನ್ನು ಕಳೆದರೆ ನಿಜವಾದ ಕಾಲ ಸಿಕ್ಕಿತು. ಎರಡನೆಯದು ಎಲ್ಲಿರುತ್ತದೆಂದು ಹೇಳಬಲ್ಲವರಾರು? ಒಂದೇ ಸಮನಾಗಿ ತಪ್ಪುವ ಗಡಿಯಾರ ನಂಬಿಕೆಗೆ ಅರ್ಹ.

ನಾವಿಕನಿಗೆ ಈ ಮಾತು ಪ್ರಾಣದಷ್ಟು ಮುಖ್ಯವಾಗಿತ್ತು. ಭೂಮಿ 24 ಗಂಟೆಗಳಲ್ಲಿ 360 ಡಿಗ್ರಿ ತಿರುಗುತ್ತದೆ. ಒಂದು ಡಿಗ್ರಿಗೆ 4 ನಿಮಿಷ. ನಮ್ಮ ದೇಶದ ಪ್ರಮಾಣಕಾಲ ಎಂಬತ್ತೆರಡೂವರೆ ಡಿಗ್ರಿ ಪೂರ್ವ ರೇಖಾಂಶದ್ದು, ಮಂಗಳೂರು ಇರುವುದು ಸುಮಾರು 75 ಡಿಗ್ರಿಯಲ್ಲಿ. ಆದುದರಿಂದ ಅಲ್ಲಿ ಸೂರ್ಯ ನೆತ್ತಿಗೇರುವುದು ವರ್ಷದ ಸರಾಸರಿಯಲ್ಲಿ ಗಡಿಯಾರದ ಹನ್ನೆರಡೂವರೆಯ ಹೊತ್ತಿಗೆ. ಇದನ್ನೇ ಹಿಂದುಮುಂದಾಗಿ ಬಳಸಿದರೆ, ಸೂರ್ಯನನ್ನು ನೋಡಿ ಸ್ಥಳೀಯ ಕಾಲವನ್ನೂ, ಪೆಟ್ಟಿಗೆಯಲ್ಲಿರುವ ಗಡಿಯಾರವನ್ನು ನೋಡಿ ಗ್ರೀನಿಚ್ಚಿನ ಕಾಲವನ್ನೂ ತಿಳಿದವನು ತಾನಿರುವ ರೇಖಾಂಶವನ್ನು ಹೇಳಬಲ್ಲ. ಬ್ರಿಟಿಷ್ ಸಂಸತ್ತು 1714ರಲ್ಲಿ ರೇಖಾಂಶವನ್ನು ಅರ್ಧ ಡಿಗ್ರಿಯೊಳಗೆ ತಿಳಿಯುವ ಉಪಾಯಕ್ಕೆ 20,000 ಪೌಂಡ್ ಬಹುಮಾನವನ್ನು ಸಾರಿತು. ಜಾನ್ ಹ್ಯಾರಿಸನ್ ಎಂಬ ಬಡಗಿಯ ಮಗ ತಯಾರಿಸಿದ ನಾಲ್ಕನೆಯ ಗಡಿಯಾರ 1761ರಲ್ಲಿ ಜಮೈಕಕ್ಕೆ ಹೊರಟಿತು. ಅದರ ದಿನದಿನದ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿದು ನೋಡಿದಾಗ, 81 ದಿನಗಳಲ್ಲಿ ಅದು ತಪ್ಪಿದ್ದು ಸುಮಾರು 5 ಸೆಕೆಂಡು ಮಾತ್ರ.

ಈಗ ಹೇಳಹೊರಟಿರುವ ಘಟನೆಯಲ್ಲಿ ದೋಣಿ, ಗಡಿಯಾರ, ಅಂದಾಜು ಮೂರೂ ಒಂದಾಗಿವೆ. ಅರ್ನೆಸ್ಟ್ ಶ್ಯಾಕಲ್‌ಟನ್ನನ ನೇತೃತ್ವದಲ್ಲಿ 28 ಮಂದಿ ಎಂಡ್ಯೂರೆನ್ಸ್ ಎಂಬ ಹಡಗಿನಲ್ಲಿ ದಕ್ಷಿಣ ಧ್ರುವ ಖಂಡಕ್ಕೆ ಹೊರಟಿದ್ದರು. 1915ರ ಜನವರಿಯಲ್ಲಿ ಹಡಗು ಹಿಮದಲ್ಲಿ ಸಿಕ್ಕಿಕೊಂಡಿತು. ಹಡಗಿನ ಕಪ್ತಾನ ಫ್ರ್ಯಾಂಕ್ ವರ್ಸ್ಲಿ, ನ್ಯೂಜಿಲೆಂಡಿನವನು. ಹಡಗಿನಲ್ಲಿ ರೇಡಿಯೋ ಗ್ರಾಹಕವೊಂದಿತ್ತಾದರೂ ಅಷ್ಟು ದೂರಕ್ಕೆ ಯಾವ ಸಮಯ ಸಂಕೇತವೂ ಕೇಳಿಸಲಿಲ್ಲ. ಚಂದ್ರನು ನಕ್ಷತ್ರಗಳನ್ನು ಮರೆಮಾಡುವ ಕ್ಷಣಗಳನ್ನು ಗುರುತಿಸಿ ಅವರು ತಮ್ಮ ಗಡಿಯಾರಗಳ ತಪ್ಪನ್ನು ಕಂಡುಕೊಳ್ಳಬೇಕಾಯಿತು. ಹಿಮದ ಒತ್ತಡಕ್ಕೆ ನಜ್ಜುಗುಜ್ಜಾದ ಹಡಗು ಅದೇ ವರ್ಷ ನವೆಂಬರ್ 21ರಂದು ಮುಳುಗಿತು. ಹಿಮದ ಹಾಸಿನ ಮೇಲೆ ತಿಂಗಳುಗಟ್ಟಲೆ ತೇಲಿ, ಬಳಿಕ ದೋಣಿಗಳಲ್ಲಿ ಹೆಣಗಿ, ಅವರು 1916ರ ಏಪ್ರಿಲ್‌ನಲ್ಲಿ ಎಲಿಫೆಂಟ್ ದ್ವೀಪವನ್ನು ಸೇರಿದರು. ಅಲ್ಲಿ ಜನವಸತಿಯಿರಲಿಲ್ಲ, ಹಡಗುಗಳು ಹಾಯುವ ದಾರಿಯೂ ಅದಲ್ಲ. ಯಾರಾದರೂ ಹೋಗಿ ಸಹಾಯ ತರದಿದ್ದರೆ ಎಲ್ಲರಿಗೂ ಸಾವು ನಿಶ್ಚಿತ.

ಸಹಾಯ ಸಿಗಬಹುದಾದ ಸ್ಥಳ ದಕ್ಷಿಣ ಜಾರ್ಜಿಯ ದ್ವೀಪ. ಅದು ಇದ್ದುದು ಸುಮಾರು 1300 ಕಿಲೋಮೀಟರ್ ದೂರದಲ್ಲಿ, ಪ್ರಪಂಚದ ಅತ್ಯಂತ ಬಿರುಸಿನ ಕಡಲಿನಾಚೆ. ಏಪ್ರಿಲ್ 24ರಂದು ಆರು ಮಂದಿ ಜೇಮ್ಸ್ ಕೇರ್ಡ್ ಎಂಬ, ಏಳು ಮೀಟರೂ ಇಲ್ಲದ ಮರದ ದೋಣಿಯಲ್ಲಿ ಹೊರಟರು. ವರ್ಸ್ಲಿಯ ಬಳಿ ಇದ್ದುದು ಒಂದು ದಿಕ್ಸೂಚಿ, ಸೂರ್ಯನ ಎತ್ತರವನ್ನಳೆಯುವ ಸೆಕ್ಸ್‌ಟಂಟ್, ನೆನೆದು ಅಂಟಿಕೊಳ್ಳುತ್ತಿದ್ದ ಲೆಕ್ಕದ ಪುಸ್ತಕಗಳು, ಮತ್ತು ಒಂದು ಗಡಿಯಾರ. ಹಡಗು ಹೊರಟಾಗ ಇದ್ದ 24 ಗಡಿಯಾರಗಳಲ್ಲಿ ನಡೆಯುತ್ತ ಉಳಿದಿದ್ದುದು ಅದೊಂದೇ.

ಆ ಕಡಲಿನಲ್ಲಿ ಸೂರ್ಯನನ್ನು ಕಾಣುವುದೇ ಅಪರೂಪ. ಹದಿನೈದು ದಿನಗಳಲ್ಲಿ ವರ್ಸ್ಲಿಗೆ ಸೂರ್ಯನನ್ನು ಅಳೆಯಲು ಸಿಕ್ಕ ಅವಕಾಶಗಳು ನಾಲ್ಕೇ ನಾಲ್ಕು. ಮೋಡ ಸೀಳಿದ ಕ್ಷಣದಲ್ಲಿ ಅವನು ಎದ್ದು ಮಂಡಿಯೂರಿ ನಿಲ್ಲುವನು. ಬೀಳದಂತೆ ಇಬ್ಬರು ಅವನನ್ನು ಎರಡೂ ಕಡೆಯಿಂದ ಹಿಡಿದುಕೊಳ್ಳುವರು. ಅಲೆಗಳ ನಡುವೆ ಕುಣಿಯುವ ದಿಗಂತವನ್ನೂ ಮಸುಕಾದ ಸೂರ್ಯಬಿಂಬವನ್ನೂ ಒಂದುಗೂಡಿಸಿ ಅವನು ಕೂಗಿದ ಕೂಡಲೆ ಇನ್ನೊಬ್ಬನು ಗಡಿಯಾರದ ಸೆಕೆಂಡನ್ನು ಬರೆದುಕೊಳ್ಳುವನು. ಆ ಅಕ್ಷಾಂಶದಲ್ಲಿ ಗಡಿಯಾರ 4 ಸೆಕೆಂಡು ತಪ್ಪಿದರೆ ಸ್ಥಾನ ಒಂದು ಕಿಲೋಮೀಟರಿಗೂ ಮೀರಿ ತಪ್ಪುತ್ತದೆ. ಒಂದು ನಿಮಿಷ ತಪ್ಪಿದರೆ ಸುಮಾರು 16 ಕಿಲೋಮೀಟರ್. ಉಳಿದ ದಿನಗಳಲ್ಲೆಲ್ಲ ದಿಕ್ಸೂಚಿಯ ದಿಕ್ಕು, ಕಣ್ಣಂದಾಜಿನ ವೇಗ, ಕಳೆದ ಗಂಟೆಗಳು ಇವುಗಳಿಂದಲೇ ದಾರಿಯನ್ನು ಎಣಿಸಬೇಕಾಗಿತ್ತು. ಗುರಿ ತಪ್ಪಿ ದ್ವೀಪವನ್ನು ದಾಟಿಹೋದರೆ, ಪಡುವಣ ಬಿರುಗಾಳಿಗೆ ಎದುರಾಗಿ ಹಿಂದಿರುಗುವುದು ಆ ಪುಟ್ಟ ದೋಣಿಗೆ ಅಸಾಧ್ಯ. ಮುಂದೆ ಸಾವಿರಾರು ಕಿಲೋಮೀಟರ್ ಬರಿಯ ಕಡಲು.

ದ್ವೀಪ ಸಮೀಪಿಸುತ್ತಿದೆ ಎನ್ನುವ ಹೊತ್ತಿಗೆ ವರ್ಸ್ಲಿ ನಾಯಕನಿಗೆ ತನ್ನ ಲೆಕ್ಕವನ್ನು ಒಪ್ಪಿಸಿದ. ಅದು ಹತ್ತು ಮೈಲಿಯಷ್ಟು ತಪ್ಪಿರಬಹುದೆಂಬುದನ್ನೂ ಹೇಳಿದ. ಲೆಕ್ಕವನ್ನು ಮಾತ್ರ ಹೇಳಿ ಅಂಚನ್ನು ಮುಚ್ಚಿಟ್ಟಿದ್ದರೆ ಅವನು ಧೈರ್ಯಶಾಲಿಯಂತೆ ಕಾಣುತ್ತಿದ್ದನೋ ಏನೋ. ಜನವಸತಿಯಿದ್ದ ತಿಮಿಂಗಿಲ ಬೇಟೆಯ ನೆಲೆಗಳು ದ್ವೀಪದ ಈಶಾನ್ಯ ತೀರದಲ್ಲಿದ್ದವು. ಅಲ್ಲಿಗೆ ಹೋಗಬೇಕಾದರೆ ದ್ವೀಪದ ವಾಯವ್ಯ ತುದಿಯನ್ನು ಸುತ್ತಬೇಕು. ತುದಿಗೆ ಗುರಿಯಿಟ್ಟು ಹತ್ತು ಮೈಲಿ ತಪ್ಪಿದರೆ ದ್ವೀಪವೇ ಕೈತಪ್ಪುತ್ತದೆ. ದ್ವೀಪದ ಉದ್ದವಾದರೋ 160 ಕಿಲೋಮೀಟರಿಗೂ ಹೆಚ್ಚು. ಆದುದರಿಂದ ಶ್ಯಾಕಲ್‌ಟನ್ ತುದಿಯನ್ನು ಬಿಟ್ಟು ಪಶ್ಚಿಮ ತೀರದ ಕಡೆಗೇ ದೋಣಿಯನ್ನು ತಿರುಗಿಸಿದ. ಅಲ್ಲಿ ಹತ್ತು ಮೈಲಿ ಎತ್ತ ತಪ್ಪಿದರೂ ಎದುರಿಗೆ ನೆಲವಿರುತ್ತದೆ.

ಮೇ 8ರಂದು ನೆಲ ಕಾಣಿಸಿತು. ಬಿರುಗಾಳಿ ಎರಡು ದಿನ ದಡ ಮುಟ್ಟಗೊಡಲಿಲ್ಲ. ಮೇ 10ರಂದು ಅವರು ಇಳಿದರು. ಇಳಿದದ್ದು ಜನರಿಲ್ಲದ ತೀರದಲ್ಲಿ. ಆ ಹತ್ತು ಮೈಲಿಯ ಅಂಚಿಗೆ ಬೆಲೆ ತೆರಲೇಬೇಕಾಗಿತ್ತು: ಶ್ಯಾಕಲ್‌ಟನ್, ವರ್ಸ್ಲಿ, ಕ್ರೀನ್ ಎಂಬ ಮೂವರು, ಯಾರೂ ನಕ್ಷೆ ಬರೆಯದಿದ್ದ ಹಿಮಪರ್ವತಗಳನ್ನು ಸುಮಾರು 36 ಗಂಟೆ ನಿಲ್ಲದೆ ನಡೆದು ದಾಟಿ, ಆಚೆಯ ನೆಲೆಯನ್ನು ಸೇರಿದರು. ಎಲಿಫೆಂಟ್ ದ್ವೀಪದಲ್ಲಿ ಕಾಯುತ್ತಿದ್ದ 22 ಮಂದಿಯನ್ನು ಕರೆತರಲು ಮೂರು ಸಲ ಹೊರಟ ಹಡಗುಗಳು ಹಿಮದಿಂದಾಗಿ ಹಿಂದಿರುಗಿದವು. ನಾಲ್ಕನೆಯ ಸಲ, ಆಗಸ್ಟ್ 30ರಂದು, ಚಿಲಿ ದೇಶದ ಯೆಲ್ಚೋ ಎಂಬ ಹಡಗು ದ್ವೀಪವನ್ನು ಮುಟ್ಟಿತು. ಇಪ್ಪತ್ತೆರಡು ಮಂದಿಯೂ ಜೀವದಿಂದಿದ್ದರು.

ಎಂಡ್ಯೂರೆನ್ಸ್ ಮುಳುಗಿದ ಸ್ಥಳವನ್ನು ವರ್ಸ್ಲಿ ಅಕ್ಷಾಂಶ ರೇಖಾಂಶಗಳ ಸಮೇತ ಬರೆದಿಟ್ಟಿದ್ದ. ಮುಳುಗಿದ ದಿನ ಮೋಡ ಕವಿದಿದ್ದರಿಂದ ಅದೂ ಒಂದು ಅಂದಾಜೇ ಆಗಿತ್ತು. ನೂರಾರು ವರ್ಷ ಯಾರೂ ಪರೀಕ್ಷಿಸಲಾರರೆಂದು ಅವನು ಎಣಿಸಿದ್ದರೆ ಆಶ್ಚರ್ಯವಿಲ್ಲ. 2022ರ ಮಾರ್ಚ್ 5ರಂದು, ಆ ಬರಹವನ್ನೇ ಆಧಾರವಾಗಿಟ್ಟುಕೊಂಡು ನೀರಿನಡಿಯ ಯಂತ್ರಗಳಿಂದ ಹುಡುಕುತ್ತಿದ್ದ ಶೋಧಕರಿಗೆ ಹಡಗು ಕಾಣಿಸಿತು. ಅದು 3008 ಮೀಟರ್ ಆಳದಲ್ಲಿ, ಬಹುಮಟ್ಟಿಗೆ ಮುಕ್ಕಾಗದೆ, ಹಿಂಭಾಗದಲ್ಲಿ ತನ್ನ ಹೆಸರಿನ ಅಕ್ಷರಗಳು ಸ್ಪಷ್ಟವಾಗಿ ಓದುವಂತೆ ನಿಂತಿತ್ತು. ವರ್ಸ್ಲಿ ಬರೆದಿಟ್ಟ ಸ್ಥಳದಿಂದ ಅದಿದ್ದ ದೂರ, ದಕ್ಷಿಣಕ್ಕೆ ಸುಮಾರು ನಾಲ್ಕು ಮೈಲಿ.